ಇಡೀ ತಂಡಕ್ಕೆ ಒಂದೇ ಮೈಕ್: ಆರಿಸುವುದು ಹೇಗೆ, ಇಡುವುದು ಎಲ್ಲಿ

ಭಜನೆ ತಂಡ, ತತ್ವಪದ ಹಾಡುವವರು, ಸುಗಮ ಸಂಗೀತದ ಸಣ್ಣ ಗುಂಪುಗಳು. ಇವರಿಂದ ನಾನು ಮತ್ತೆ ಮತ್ತೆ ಕೇಳುವ ದೂರು ಒಂದೇ. "ಎಲ್ಲರ ಮಧ್ಯೆ ಒಂದು ಮೈಕ್ ಇಟ್ಟೆವು. ವಾಲ್ಯೂಮ್ ಏರಿಸಿದರೆ ಕುಂಯ್ ಅನ್ನುತ್ತೆ. ಇಳಿಸಿದರೆ ಹಾರ್ಮೋನಿಯಂ ಬಿಟ್ಟು ಬೇರೇನೂ ಕೇಳಲ್ಲ." ಮುಂದಿನ ಸಲ ಇನ್ನೂ ದುಬಾರಿ ಮೈಕ್ ತರುತ್ತಾರೆ. ಅದೂ ಕೂಗುತ್ತದೆ.

ಬಹಳ ಸಲ ಕೆಲಸದ ಕ್ರಮವೇ ತಲೆಕೆಳಗಾಗಿರುತ್ತದೆ. ಮೊದಲು ಮೈಕ್ ಕೊಳ್ಳುತ್ತಾರೆ. ಆಮೇಲೆ ಅದು ಮಿಕ್ಸರ್‌ಗೆ ಹೊಂದುತ್ತದಾ ಎಂದು ನೋಡುತ್ತಾರೆ. ಸ್ಪೀಕರ್ ಎಲ್ಲಿದೆ ಅನ್ನುವುದು ಗಮನಕ್ಕೆ ಬರುವುದು ಕಾರ್ಯಕ್ರಮದ ದಿನ. ದಯವಿಟ್ಟು ಇದನ್ನು ತಿರುಗಿಸಿ ಮಾಡಿ: ಮೊದಲು ತಂಡ, ಆಮೇಲೆ ಜಾಗ ಮತ್ತು ಸ್ಪೀಕರ್, ಆಮೇಲೆ ಮಿಕ್ಸರ್, ಕೊನೆಗೆ ಮೈಕ್.

ಇನ್ನೊಂದು ವಿಷಯ. ಒಂದೇ ಮೈಕ್ ಬಗ್ಗೆ ಯೂಟ್ಯೂಬ್‌ನಲ್ಲಿ ಸಿಗುವ ಸಲಹೆ ಹೆಚ್ಚಾಗಿ ಅಮೆರಿಕದ ಬ್ಲೂಗ್ರಾಸ್ (ಅಲ್ಲಿನ ಒಂದು ಜಾನಪದ ಶೈಲಿಯ ಸಂಗೀತ) ತಂಡಗಳದ್ದು. ಅವರು ನಿಂತು ಹಾಡುತ್ತಾರೆ. ತಮ್ಮ ಸರದಿ ಬಂದಾಗ ಮೈಕ್ ಹತ್ತಿರ ಬರುತ್ತಾರೆ, ಮುಗಿದ ಮೇಲೆ ಹಿಂದೆ ಸರಿಯುತ್ತಾರೆ. ಯಾರ ದನಿ ಜಾಸ್ತಿ, ಯಾರದು ಕಡಿಮೆ ಎಂಬುದು ಅವರ ಕಾಲಿನಲ್ಲೇ ಇದೆ. ನಮ್ಮವರು ಜಮಖಾನದ ಮೇಲೆ ಕೂತು ಹಾಡುತ್ತಾರೆ. ಒಮ್ಮೆ ಕೂತರೆ ಮುಗಿಯಿತು. ಹಾಗಾಗಿ ನಮಗೆ ಎಲ್ಲ ಲೆಕ್ಕವೂ ಕೂರುವ ಮೊದಲೇ ಆಗಬೇಕು.

ಬೇಕಾಗುವ ಸಾಮಾನು: 48 ವೋಲ್ಟ್ ಕೊಡುವ ಸಣ್ಣ ಮಿಕ್ಸರ್, ಈಕ್ವಲೈಸರ್ (ದಪ್ಪ, ತೆಳು ಸ್ವರಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ; ಮಿಕ್ಸರ್‌ನಲ್ಲೇ ಇದ್ದರೂ ಸರಿ), ಕುಳ್ಳಗಿನ ಬೂಮ್ ಸ್ಟ್ಯಾಂಡ್ (ಅಡ್ಡಕಡ್ಡಿ ಇರುವ ಸ್ಟ್ಯಾಂಡ್), ಎಕ್ಸ್‌ಎಲ್‌ಆರ್ (ಮೂರು ಪಿನ್‌ನ) ಕೇಬಲ್, ಮೈಕ್‌ಗೆ ಹೊಂದುವ ಶಾಕ್ ಮೌಂಟ್ (ನೆಲದ ಅದುರು ಮೈಕ್‌ಗೆ ತಾಗದಂತೆ ತಡೆಯುವ ಹಿಡಿಕೆ), ಸ್ಪಂಜಿನ ಟೋಪಿ, ಅಳತೆ ಟೇಪು, ನೆಲಕ್ಕೆ ಅಂಟಿಸಲು ಬಣ್ಣದ ಟೇಪು. ಕೊನೆಯ ಎರಡನ್ನು ಎಲ್ಲರೂ ಮರೆಯುತ್ತಾರೆ.

ಹಂತ 1: ನಿಮ್ಮ ತಂಡಕ್ಕೆ ಒಂದು ಮೈಕ್ ಸಾಕೇ?

ತಂಡವನ್ನು ಅಭ್ಯಾಸದ ಜಾಗದಲ್ಲಿ ಕೂರಿಸಿ. ಮೈಕ್ ಎಲ್ಲಿ ಬರಬೇಕೋ ಅಲ್ಲಿ ನೀವು ಕೂತುಕೊಳ್ಳಿ. ಒಂದು ಕಿವಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ, ಕಣ್ಣು ಮುಚ್ಚಿ, ಪೂರ್ತಿ ಒಂದು ಹಾಡು ಕೇಳಿ.

ಒಂದೇ ಕಿವಿ ಯಾಕೆ? ಎರಡು ಕಿವಿ ಇದ್ದಾಗ ಯಾವ ದನಿ ಯಾವ ಕಡೆಯಿಂದ ಬಂತು ಎಂದು ಗೊತ್ತಾಗುತ್ತದೆ. ಬೇಕಾದ್ದನ್ನು ನಾವು ಆರಿಸಿ ಕೇಳುತ್ತೇವೆ. ಮೈಕ್‌ಗೆ ಆ ಅನುಕೂಲ ಇಲ್ಲ. ಒಂದು ಕಿವಿಯಲ್ಲಿ ಸಾಹಿತ್ಯ ಪದಪದವಾಗಿ ಕೇಳಿದರೆ ಒಂದು ಮೈಕ್ ನಿಮಗೆ ಕೆಲಸ ಮಾಡುತ್ತದೆ. ಹಾರ್ಮೋನಿಯಂ ಅಥವಾ ತಾಳ ಪದಗಳನ್ನು ನುಂಗಿಹಾಕುತ್ತಿದ್ದರೆ ಮೈಕ್ ಕೂಡ ಅದನ್ನೇ ಸ್ಪೀಕರ್‌ಗೆ ಕಳಿಸುತ್ತದೆ. ಮೊದಲು ಕೂರುವ ಜಾಗ ಬದಲಿಸಿ, ಇನ್ನೊಮ್ಮೆ ಕೇಳಿ.

ಕೆಲವು ಕಡೆ ಪ್ರಯತ್ನ ಮಾಡುವುದೇ ಬೇಡ. ಚೆಂಡೆ, ಡೊಳ್ಳು, ನಗಾರಿ ಇರುವ ಗುಂಪು. ಕೀಬೋರ್ಡ್‌ಗೆ ಬೇರೆ ಸ್ಪೀಕರ್ ಇಟ್ಟುಕೊಂಡ ಗುಂಪು. ಬಯಲಿನಲ್ಲಿ ನೂರಾರು ಜನರ ಮುಂದೆ ಹಾಡುವುದು. ಗಾಯನದ ಜೊತೆ ವೀಣೆ ಇದ್ದರೂ ಕಷ್ಟ. ವೀಣೆಯ ದನಿ ಅಷ್ಟು ಮೆತ್ತಗೆ, ಅದಕ್ಕೆ ತನ್ನದೇ ಮೈಕ್ ಬೇಕು. ಉಳಿದಂತೆ ಐದಾರು ಜನ ಕೂತು, ಒಳಾಂಗಣದಲ್ಲಿ 50ರಿಂದ 150 ಜನರಿಗೆ ಹಾಡುವ ತಂಡಕ್ಕೆ ಒಂದು ಮೈಕ್ ಚೆನ್ನಾಗಿ ಸಾಕು.

ಒಂದು ಲಾಭವನ್ನೂ ಹೇಳಿಬಿಡುತ್ತೇನೆ. ತೆರೆದಿರುವ ಮೈಕ್‌ಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ, ಕೂಗು ಬರುವ ಮೊದಲು ಏರಿಸಬಹುದಾದ ವಾಲ್ಯೂಮ್ ಸುಮಾರು 3 ಡೆಸಿಬಲ್ (ದನಿಯ ಜೋರಿನ ಅಳತೆ) ಕಡಿಮೆಯಾಗುತ್ತದೆ. ನಾಲ್ಕರ ಬದಲು ಒಂದೇ ಇಟ್ಟರೆ 6 ಡೆಸಿಬಲ್ ವಾಪಸ್ ಸಿಗುತ್ತದೆ. ಅದಕ್ಕೇ "ಒಂದೇ ಮೈಕ್, ಜೊತೆಗೆ ತಬಲಾಕ್ಕೊಂದು, ಹಾರ್ಮೋನಿಯಂಗೊಂದು" ಎಂದು ಸೇರಿಸುತ್ತಾ ಹೋಗಬೇಡಿ. ಆಗ ಎರಡು ಪದ್ಧತಿಗಳ ತೊಂದರೆಯೂ ಒಟ್ಟಿಗೆ ಬರುತ್ತದೆ.

ಹಂತ 2: ಜಾಗ ಮತ್ತು ಸ್ಪೀಕರ್ ನೋಡಿ ಬನ್ನಿ

ಕಾರ್ಯಕ್ರಮದ ಮುಂಚೆ ಒಮ್ಮೆ ಹೋಗಿ ಸಭಾಂಗಣ ನೋಡಿ. ನಿಮ್ಮ ಮೈಕ್ ಎಷ್ಟೇ ಒಳ್ಳೆಯದಿರಲಿ, ಸ್ಪೀಕರ್ ತಪ್ಪು ಜಾಗದಲ್ಲಿದ್ದರೆ ಅದು ಕೂಗಿಯೇ ಕೂಗುತ್ತದೆ. ಸ್ಪೀಕರ್‌ನಿಂದ ಬಂದ ದನಿ ಮೈಕ್‌ಗೆ ಹೋಗಿ, ಮತ್ತೆ ಸ್ಪೀಕರ್‌ಗೆ ಬಂದು, ಹೀಗೆ ಸುತ್ತುತ್ತಾ ಬೆಳೆಯುವುದೇ ಆ ಕೂಗು. ಸುತ್ತನ್ನು ತುಂಡರಿಸಲು ಸುಲಭದ ದಾರಿ ದೂರ.

ಸ್ಪೀಕರ್‌ಗಳು ಮೈಕ್‌ಗಿಂತ ಮುಂದೆ, ಪ್ರೇಕ್ಷಕರ ಕಡೆ ಇರಬೇಕು. ಕನಿಷ್ಠ 6ರಿಂದ 8 ಅಡಿ ಮುಂದೆ ಇಡಿ. ಮುಖ ಹೊರಗೆ ತಿರುಗಿರಲಿ. ತಲೆಯ ಎತ್ತರಕ್ಕಿಂತ ಮೇಲಿದ್ದರೆ ಇನ್ನೂ ಒಳ್ಳೆಯದು. ಹಾಡುವವರ ಎದುರು ನೆಲದ ಮೇಲೆ ಇಡುವ ಮಾನಿಟರ್ ಸ್ಪೀಕರ್ ಬೇಡ. ಒಬ್ಬರ ಪಕ್ಕ ಒಬ್ಬರು ಕೂತಿರುವಾಗ ಪರಸ್ಪರ ದನಿ ನೇರವಾಗಿಯೇ ಕೇಳುತ್ತದೆ. ಮಾನಿಟರ್ ಇಲ್ಲದೆ ಆಗುವುದೇ ಇಲ್ಲ ಎನ್ನುವವರು ತಂಡದಲ್ಲಿದ್ದರೆ, ಒಂದೆರಡು ಅಭ್ಯಾಸ ಹಾಗೇ ಮಾಡಿಸಿ. ರೂಢಿಯಾಗುತ್ತದೆ.

ದೇವಸ್ಥಾನದ ಸಭಾಂಗಣಗಳಲ್ಲಿ ಒಂದು ವಿಶೇಷ ತೊಂದರೆ ಇದೆ. ಗೋಡೆಗೆ ಹಾಕಿದ ಹಳೆಯ ಸ್ಪೀಕರ್‌ಗಳು. ಒಂದು ಕಡೆ ನಾನು ಮೂರು ಮೈಕ್ ಬದಲಿಸಿ ನೋಡಿದೆ, ಕೂಗು ಹೋಗಲಿಲ್ಲ. ಕೊನೆಗೆ ಗೊತ್ತಾಯಿತು, ಹಾಡುವವರ ಬೆನ್ನ ಹಿಂದಿನ ಕಂಬದಲ್ಲಿ ಒಂದು ಸ್ಪೀಕರ್ ಚಾಲೂ ಇತ್ತು. ಮೈಕಿನ ಮುಖ ನೇರವಾಗಿ ಅದರ ಕಡೆಗೇ ಇತ್ತು. ಅದರ ತಂತಿ ಬಿಚ್ಚಿದ ಕೂಡಲೇ ಎಲ್ಲ ಸರಿಹೋಯಿತು. ಅಂದಿನಿಂದ ಎಲ್ಲೇ ಹೋದರೂ ಮೊದಲು ಒಂದು ಹಾಡು ಹಾಕಿ, ಸಭಾಂಗಣ ಪೂರ್ತಿ ಸುತ್ತುತ್ತೇನೆ. ಯಾವ್ಯಾವ ಸ್ಪೀಕರ್ ಮಾತಾಡುತ್ತಿದೆ ಎಂದು ಕಿವಿಯಿಂದಲೇ ಎಣಿಸುತ್ತೇನೆ.

ಫ್ಯಾನ್ ಎಲ್ಲಿದೆ ನೋಡಿ. ಮೈಕ್ ನೇರವಾಗಿ ಸೀಲಿಂಗ್ ಫ್ಯಾನಿನ ಕೆಳಗೆ ಬಂದರೆ ಗಾಳಿಯ ಹೊಡೆತ "ಬುರ್ ಬುರ್" ಎಂದು ಕೇಳುತ್ತದೆ. ನೆಲ ಕಲ್ಲಾದರೆ ಜಮಖಾನ ಹಾಸಿ, ಹಿಂದೆ ದಪ್ಪ ಪರದೆ ಕಟ್ಟಿ. ಬರೀ ಗೋಡೆಯಿಂದ ವಾಪಸ್ ಬರುವ ದನಿ ಮೈಕಿನ ಮುಖಕ್ಕೇ ಬಂದು ಬೀಳುತ್ತದೆ.

ಹಂತ 3: ಮಿಕ್ಸರ್ 48 ವೋಲ್ಟ್ ಕೊಡುತ್ತದಾ?

ಈ ಕೆಲಸಕ್ಕೆ ಬೇಕಾದ್ದು ಕಂಡೆನ್ಸರ್ ಮೈಕ್, ಅಂದರೆ ಕೆಲಸ ಮಾಡಲು ಹೊರಗಿನಿಂದ ವಿದ್ಯುತ್ ಬೇಕಾದ, ಸಣ್ಣ ದನಿಯನ್ನೂ ಹಿಡಿಯುವ ಮೈಕ್. ಅದಕ್ಕೆ ಫ್ಯಾಂಟಮ್ ಪವರ್, ಅಂದರೆ ಕೇಬಲ್ ಮೂಲಕವೇ 48 ವೋಲ್ಟ್ ಬೇಕು. ಮಿಕ್ಸರ್ ಮೇಲೆ "+48" ಎಂದು ಬರೆದ ಗುಂಡಿ ಇದೆಯೇ ನೋಡಿ.

ಟ್ರಾಲಿ ಸ್ಪೀಕರ್‌ಗಳಲ್ಲಿ, ಸಭಾಂಗಣಗಳಲ್ಲಿರುವ ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಅಲ್ಲಿ ಮೈಕ್ ಪಿನ್ ಕೂಡ ಕಾಲು ಇಂಚಿನ ಜ್ಯಾಕ್ ಆಗಿರುತ್ತದೆ. ಒಂದು ತುದಿ ಎಕ್ಸ್‌ಎಲ್‌ಆರ್, ಇನ್ನೊಂದು ತುದಿ ಜ್ಯಾಕ್ ಇರುವ ಕೇಬಲ್ ತಂದು ಕಂಡೆನ್ಸರ್ ಮೈಕನ್ನು ಅದಕ್ಕೆ ಚುಚ್ಚಿದರೆ ಏನೂ ಕೇಳುವುದಿಲ್ಲ. ಮೈಕ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ದವರನ್ನು ನೋಡಿದ್ದೇನೆ. ಮೈಕ್ ಸರಿಯಾಗಿಯೇ ಇತ್ತು. ಅದಕ್ಕೆ ವಿದ್ಯುತ್ತೇ ಸಿಕ್ಕಿರಲಿಲ್ಲ. ಹೀಗಿದ್ದಲ್ಲಿ ನಿಮ್ಮದೇ ಸಣ್ಣ ಮಿಕ್ಸರ್ ಒಯ್ದು, ಅದರ ಔಟ್‌ಪುಟ್ಟನ್ನು ಅಲ್ಲಿನ ಆಂಪ್ಲಿಫೈಯರ್‌ನ ಆಕ್ಸ್ ಅಥವಾ ಲೈನ್ ಇನ್‌ಪುಟ್‌ಗೆ ಕೊಡಿ. ಮೈಕ್ ಇನ್‌ಪುಟ್‌ಗೆ ಕೊಟ್ಟರೆ ದನಿ ಒಡೆಯುತ್ತದೆ.

48 ವೋಲ್ಟ್ ಒತ್ತುವುದಕ್ಕೂ ಕ್ರಮ ಇದೆ. ಫೇಡರ್ (ವಾಲ್ಯೂಮ್ ಏರಿಳಿಸುವ ಗುಂಡಿ) ಕೆಳಗಿಳಿಸಿ. ಕೇಬಲ್ ಸಿಕ್ಕಿಸಿ. ಆಮೇಲೆ 48 ವೋಲ್ಟ್ ಗುಂಡಿ ಒತ್ತಿ, ಸ್ವಲ್ಪ ಕಾಯಿರಿ. ನಂತರ ಮೆಲ್ಲಗೆ ಫೇಡರ್ ಏರಿಸಿ. ತೆಗೆಯುವಾಗ ಇದರ ಉಲ್ಟಾ. ಫೇಡರ್ ಮೇಲಿರುವಾಗ ಕೇಬಲ್ ಎಳೆದರೆ "ಢಬ್" ಎನ್ನುವ ಹೊಡೆತಕ್ಕೆ ಸ್ಪೀಕರ್ ಹಾಳಾಗಬಹುದು.

ಹಂತ 4: ಕೈಯಲ್ಲಿ ಹಿಡಿಯುವ ಮೈಕ್ ಯಾಕೆ ಸಾಲದು

ಹೆಚ್ಚಿನವರು ಶೂರ್ ಎಸ್‌ಎಂ58ನಂಥ ಡೈನಮಿಕ್ (48 ವೋಲ್ಟ್ ಬೇಡದ) ಮೈಕನ್ನೇ ಮಧ್ಯದಲ್ಲಿಟ್ಟು ಪ್ರಯತ್ನ ಮಾಡುತ್ತಾರೆ. ಅದು ತುಟಿಯ ಹತ್ತಿರ ಹಿಡಿದು ಹಾಡಲೆಂದೇ ಮಾಡಿದ್ದು. ಹತ್ತಿರ ಹಾಡಿದಾಗ ದನಿಗೆ ತುಂಬಿಕೊಳ್ಳುವ ಗಾತ್ರ, ದೂರ ಹೋದಂತೆ ಇಳಿದು ದನಿ ತೆಳ್ಳಗಾಗುತ್ತದೆ.

ದೂರದ ಲೆಕ್ಕ ಒಮ್ಮೆ ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ. ದೂರ ಎರಡು ಪಟ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. 2 ಇಂಚಿನಿಂದ 20 ಇಂಚಿಗೆ ಹೋದರೆ 20 ಡೆಸಿಬಲ್ ಇಳಿಯುತ್ತದೆ. ಅದನ್ನು ತುಂಬಲು ಮಿಕ್ಸರ್‌ನಲ್ಲಿ ಅಷ್ಟೇ ಏರಿಸಬೇಕು. ಎಸ್‌ಎಂ58 ಹೊರಗೆ ಕೊಡುವ ಸಿಗ್ನಲ್ ಮೊದಲೇ ಸಣ್ಣದು. ಆಡಿಯೋ-ಟೆಕ್ನಿಕಾ ಎಟಿ2020ನಂಥ ಸಾಮಾನ್ಯ ಕಂಡೆನ್ಸರ್‌ಗೆ ಹೋಲಿಸಿದರೆ ಅದು ಸುಮಾರು 17 ಡೆಸಿಬಲ್ ಕಡಿಮೆ. ಸಣ್ಣ ಮಿಕ್ಸರ್‌ನ ಗೇನ್ (ಮೈಕ್ ಸಿಗ್ನಲ್ ಹಿಗ್ಗಿಸುವ ಗುಂಡಿ) ಪೂರ್ತಿ ತಿರುಗಿಸಿದಾಗ "ಸ್ಸ್ಸ್" ಎಂಬ ಸದ್ದು ಬರುವುದು ಇದಕ್ಕೇ.

ಆದರೆ ಒಂದು ತಪ್ಪು ನಂಬಿಕೆ ಇದೆ. ಕಂಡೆನ್ಸರ್ ದೂರದ ದನಿಯನ್ನು "ಎಳೆದುಕೊಳ್ಳುತ್ತದೆ" ಎನ್ನುತ್ತಾರೆ. ಹಾಗೇನೂ ಇಲ್ಲ. ಅದು ಸಣ್ಣ ದನಿಯನ್ನು ಶುದ್ಧವಾಗಿ, ಜೋರು ಸಿಗ್ನಲ್ ಆಗಿ ಕೊಡುತ್ತದೆ. ಪಕ್ಕದಲ್ಲಿ ಕೂತವರ ದನಿಯನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ. ಹಾಗೆಯೇ ಫ್ಯಾನು, ಮಕ್ಕಳ ಮಾತು, ಸ್ಪೀಕರ್ ಎಲ್ಲವನ್ನೂ ಹಿಡಿಯುತ್ತದೆ. ಕಂಡೆನ್ಸರ್ ತಂದ ಮಾತ್ರಕ್ಕೆ ಕೂಗು ನಿಲ್ಲುವುದಿಲ್ಲ.

ಹಂತ 5: ಮೈಕ್ ಯಾವ ದಿಕ್ಕಿನಿಂದ ಕೇಳಬೇಕು

ಪ್ರತಿ ಮೈಕ್‌ಗೂ ಒಂದು ಕೇಳುವ ಆಕಾರ ಇರುತ್ತದೆ. ಡಬ್ಬಿಯ ಮೇಲೆ ಚಿತ್ರ ಇರುತ್ತದೆ, ನೋಡಿ. ನಮಗೆ ಬೇಕಾದ್ದು ಹೃದಯದ ಆಕಾರದ್ದು, ಕಾರ್ಡಿಯಾಯ್ಡ್. ಇದು ಮುಂದಿನಿಂದ ಪೂರ್ತಿ ಕೇಳುತ್ತದೆ. ಪಕ್ಕದಲ್ಲಿ, ಅಂದರೆ 90 ಡಿಗ್ರಿಯಲ್ಲಿ, 6 ಡೆಸಿಬಲ್ ಕಡಿಮೆ ಕೇಳುತ್ತದೆ. ಬೆನ್ನ ಹಿಂದಿನಿಂದ ಅತಿ ಕಡಿಮೆ. ಹಾಡುವವರ ಕಡೆ ಮುಖ ಮಾಡಿ ಇಟ್ಟಾಗ ಅದರ ಬೆನ್ನು ಪ್ರೇಕ್ಷಕರ ಕಡೆ, ಸ್ಪೀಕರ್‌ಗಳ ಕಡೆ ಇರುತ್ತದೆ. ನಮಗೆ ಬೇಕಾದ್ದು ಇದೇ ಅಲ್ವಾ?

ಸೂಪರ್‌ಕಾರ್ಡಿಯಾಯ್ಡ್ ಇನ್ನೂ ಬಿಗಿ. ಅದು ಅತಿ ಕಡಿಮೆ ಕೇಳುವ ಜಾಗ ನೇರ ಹಿಂದೆ ಇಲ್ಲ, ಸುಮಾರು 125 ಡಿಗ್ರಿಯ ಎರಡು ಪಕ್ಕಗಳಲ್ಲಿದೆ. ಇಬ್ಬರೇ ಹಾಡುವವರಿದ್ದರೆ ಸರಿ. ಅರ್ಧಚಂದ್ರಾಕಾರದಲ್ಲಿ ಐದು ಜನ ಕೂತರೆ ತುದಿಯವರು ಹೊರಗೆ ಉಳಿಯುತ್ತಾರೆ. ಸುತ್ತಲೂ ಒಂದೇ ಸಮ ಕೇಳುವ ಓಮ್ನಿ ಮೈಕ್ ರೆಕಾರ್ಡಿಂಗ್‌ಗೆ ಚೆಂದ. ಸ್ಪೀಕರ್ ಇರುವ ಕಡೆ ಬೇಡ.

ಹಂತ 6: ಈಗ ಮೈಕ್ ಆರಿಸಿ

ನನ್ನ ಮಟ್ಟಿಗೆ ಹೆಚ್ಚಿನ ಭಜನೆ ತಂಡಗಳಿಗೆ ಆಡಿಯೋ-ಟೆಕ್ನಿಕಾ ಎಟಿ2035 ಹಂತದ ಮೈಕ್ ಸಾಕು. ಕಾರ್ಡಿಯಾಯ್ಡ್. ಅದರಲ್ಲಿ ಎರಡು ಸ್ವಿಚ್ ಇವೆ. ಒಂದು 80 ಹರ್ಟ್ಜ್‌ಗಿಂತ (ಹರ್ಟ್ಜ್ ಅಂದರೆ ಸ್ವರದ ಎತ್ತರದ ಅಳತೆ) ಕೆಳಗಿನ ಗುಡುಗನ್ನು ಇಳಿಸುತ್ತದೆ, ಇನ್ನೊಂದು 10 ಡೆಸಿಬಲ್ ತಗ್ಗಿಸುತ್ತದೆ. ಮೊದಲನೆಯದು ಮರದ ವೇದಿಕೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಎಟಿ2020ರಲ್ಲಿ ಈ ಸ್ವಿಚ್‌ಗಳಿಲ್ಲ. ಮಿಕ್ಸರ್‌ನಲ್ಲಿ ಕೆಳಗಿನ ದನಿ ಕತ್ತರಿಸುವ ಗುಂಡಿ ಇದ್ದರೆ ಅದೂ ನಡೆಯುತ್ತದೆ. ವೇದಿಕೆಗೆಂದೇ ಇಂಥ ಮೈಕ್ ಮಾಡುವ ಇಯರ್ ಟ್ರಂಪೆಟ್ ಲ್ಯಾಬ್ಸ್‌ನ ಮೈಕ್‌ಗಳೂ ಇವೆ. ಅಮೆರಿಕದಿಂದ ತರಿಸಬೇಕು, ಬೆಲೆ ಜಾಸ್ತಿ. ಮೊದಲ ಮೈಕ್ ಆಗಿ ಅದು ಬೇಡ.

ಅಂಗಡಿಯಲ್ಲಿ "ಸೆಲ್ಫ್ ನಾಯ್ಸ್" ಸಂಖ್ಯೆ ತೋರಿಸಿ ದುಬಾರಿ ಮೈಕ್ ಕಡೆ ಎಳೆಯುತ್ತಾರೆ. ಎಟಿ2020ಗೆ 20 ಡೆಸಿಬಲ್, ಎಟಿ2035ಗೆ 12, ರೋಡ್ ಎನ್‌ಟಿ1-ಎಗೆ ಬರೀ 5. ಇದು ಮೈಕ್ ತಾನೇ ಹುಟ್ಟಿಸುವ ಸದ್ದು. ಸ್ಟುಡಿಯೋದಲ್ಲಿ ಇದಕ್ಕೆ ಬೆಲೆ ಇದೆ. ಹತ್ತು ಫ್ಯಾನ್ ತಿರುಗುವ ಸಭಾಂಗಣದಲ್ಲಿ 12ಕ್ಕೂ 5ಕ್ಕೂ ವ್ಯತ್ಯಾಸ ಯಾರಿಗೂ ಕೇಳುವುದಿಲ್ಲ. ಆ ಹಣವನ್ನು ಒಳ್ಳೆಯ ಸ್ಟ್ಯಾಂಡ್, ಶಾಕ್ ಮೌಂಟ್, ಕೇಬಲ್‌ಗೆ ಹಾಕಿ.

ಕೊಳ್ಳುವಾಗ ಮೂರು ಕಡೆ ಎಚ್ಚರ ಇರಲಿ. ಮೊದಲನೆಯದು, ಯುಎಸ್‌ಬಿ ಮೈಕ್. ನೋಡಲು ಒಂದೇ ಥರ, ಹೆಸರೂ ಹೆಚ್ಚುಕಡಿಮೆ ಅದೇ. ಆದರೆ ಕಂಪ್ಯೂಟರ್‌ಗೆ ಮಾತ್ರ. ಬುಡದಲ್ಲಿ ಮೂರು ಪಿನ್‌ನ ಎಕ್ಸ್‌ಎಲ್‌ಆರ್ ಇದೆಯೇ ಎಂದು ಕಣ್ಣಾರೆ ನೋಡಿ. ಎರಡನೆಯದು, ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ, ಮೊಬೈಲ್ ಥರದ 3.5 ಮಿಲಿಮೀಟರ್ ಪಿನ್ ಕೇಬಲ್ ಜೊತೆ ಬರುವ ಕಂಡೆನ್ಸರ್. ಆ ಕೇಬಲ್‌ನಲ್ಲಿ ಅದಕ್ಕೆ ಬೇಕಾದಷ್ಟು ವಿದ್ಯುತ್ ಬರುವುದಿಲ್ಲ. ಮೂರನೆಯದು, ರಿಬ್ಬನ್ ಮೈಕ್. ಒಳಗೆ ತೆಳ್ಳನೆಯ ಲೋಹದ ಪಟ್ಟಿ. ಫ್ಯಾನಿನ ಗಾಳಿಗೂ ಅಪಾಯ, ಕೆಲವಕ್ಕೆ 48 ವೋಲ್ಟ್ ಕೂಡ ಅಪಾಯ.

ಸಾಧ್ಯವಾದರೆ ಕೊಳ್ಳುವ ಮೊದಲು ಬಾಡಿಗೆಗೆ ತನ್ನಿ. ಅಭ್ಯಾಸದ ಜಾಗದಲ್ಲಿಟ್ಟು ಒಬ್ಬರು "ಒಂದು, ಎರಡು, ಮೂರು" ಎನ್ನುತ್ತಾ ಮೈಕ್ ಸುತ್ತ ಒಂದೇ ದೂರದಲ್ಲಿ ನಡೆಯಲಿ. ಇನ್ನೊಬ್ಬರು ಹೆಡ್‌ಫೋನ್‌ನಲ್ಲಿ ಕೇಳಲಿ. ಮುಂಭಾಗದಿಂದ ಪಕ್ಕಕ್ಕೆ ಬಂದಾಗ ದನಿ ಸುಮ್ನೆ ಸಣ್ಣದಾದರೆ ಒಳ್ಳೆಯ ಮೈಕ್. ಮಂಕಾಗಿ, ಡಬ್ಬಿಯೊಳಗಿಂದ ಬಂದ ಹಾಗೆ ಬದಲಾದರೆ ನಿಮ್ಮ ತುದಿಯಲ್ಲಿ ಕೂತವರ ದನಿಯೂ ಹಾಗೇ ಆಗುತ್ತದೆ.

ಹಂತ 7: ಕೂರಿಸುವ ಲೆಕ್ಕ

ಇಲ್ಲಿ ಸಮಯ ಕೊಡಿ. ಒಂದೇ ಮೈಕ್ ಇರುವಾಗ ಮಿಕ್ಸಿಂಗ್ ಮಾಡುವುದು ಮಿಕ್ಸರ್ ಅಲ್ಲ, ಜಮಖಾನ.

ಮೊದಲು ಮೈಕಿನ ಮುಖ ಯಾವುದು ತಿಳಿಯಿರಿ. ಇಂಥ ದಪ್ಪ ಕಂಡೆನ್ಸರ್‌ಗಳಲ್ಲಿ ಹೆಚ್ಚಿನವು ಪಕ್ಕದಿಂದ ಕೇಳುತ್ತವೆ, ತುದಿಯಿಂದ ಕೇಳುವುದಿಲ್ಲ. ಸಾಮಾನ್ಯವಾಗಿ ಕಂಪನಿಯ ಗುರುತು ಇರುವ ಕಡೆಯೇ ಮುಖ. ಇದನ್ನು ಕೈ ಮೈಕ್ ಥರ ಮಲಗಿಸಿ ತುದಿಯನ್ನು ಬಾಯಿಗೆ ತೋರಿಸುವುದು ನಾನು ಅತಿ ಹೆಚ್ಚು ಕಂಡ ತಪ್ಪು. ನೆಟ್ಟಗೆ ನಿಲ್ಲಿಸಿ, ಮುಖವನ್ನು ಹಾಡುವವರ ಕಡೆ ತಿರುಗಿಸಿ.

ಎತ್ತರ: ಕೂತ ಗಾಯಕರ ಗಲ್ಲದ ಮಟ್ಟ. ನೆಲದಿಂದ 2ರಿಂದ 2.5 ಅಡಿ ಆಗಬಹುದು. ಮುಖ್ಯ ಗಾಯಕರ ಬಾಯಿಗೂ ಮೈಕ್‌ಗೂ 1.5 ಅಡಿ ಅಂತರ. ಇಬ್ಬರಿದ್ದರೆ ಮುಖದ ನೇರಕ್ಕೆ ಎಡಬಲ ಒಬ್ಬೊಬ್ಬರು, ಒಂದೇ ದೂರದಲ್ಲಿ. ಕೋರಸ್ ಹಾಡುವವರು ಅವರ ಹಿಂದೆ 3ರಿಂದ 4 ಅಡಿಯಲ್ಲಿ.

ಹಾರ್ಮೋನಿಯಂ ಮೈಕಿನ ಪಕ್ಕಕ್ಕೆ, 90 ಡಿಗ್ರಿಯ ಹತ್ತಿರ, 3 ಅಡಿಯಲ್ಲಿ ಇರಲಿ. ಗಾಯಕರಿಗಿಂತ ಎರಡು ಪಟ್ಟು ದೂರ ಇರುವುದರಿಂದ 6 ಡೆಸಿಬಲ್, ಪಕ್ಕದಲ್ಲಿರುವುದರಿಂದ ಇನ್ನೊಂದು 6 ಡೆಸಿಬಲ್, ಒಟ್ಟು 12 ಡೆಸಿಬಲ್ ಇಳಿಯಿತು. ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ತಬಲಾ ಇನ್ನೊಂದು ಪಕ್ಕ, 4 ಅಡಿ. ಕೊಳಲು ಮೆತ್ತಗೆ, ಅದನ್ನು ಗಾಯಕರ ಸಾಲಿಗೇ ತನ್ನಿ. ತಾಳ ಮತ್ತು ದಮ್ಮಡಿ ಚಿಕ್ಕದಾಗಿ ಕಂಡರೂ ಎಲ್ಲರಿಗಿಂತ ಚುಚ್ಚುವ ದನಿ. ಅವು ತುದಿಗೆ, ಮಂಡಿಯ ಮಟ್ಟದಲ್ಲಿ ಇರಲಿ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಹಾಡುವವರ ಬೆನ್ನ ಹಿಂದೆ, ಅವರಿಗೆ ಕೇಳುವಷ್ಟು ಮಾತ್ರ.

ಗಾಯಕರೇ ಹಾರ್ಮೋನಿಯಂ ನುಡಿಸುತ್ತಿದ್ದರೆ? ನಮ್ಮಲ್ಲಿ ಇದೇ ಜಾಸ್ತಿ. ಆಗ ಬೂಮ್ ಕಡ್ಡಿಯಿಂದ ಮೈಕನ್ನು ಹಣೆಯ ಮಟ್ಟಕ್ಕೆ ತಂದು, ಒಂದು ಅಡಿ ದೂರದಿಂದ ಮುಖ ಸ್ವಲ್ಪ ಕೆಳಗೆ ಬಾಯಿಯ ಕಡೆ ಬಾಗುವ ಹಾಗೆ ಇಡಿ. ಹಾರ್ಮೋನಿಯಂ ಕೆಳಗೆ, ಇನ್ನಷ್ಟು ದೂರ ಉಳಿಯುತ್ತದೆ. ಹಾರ್ಮೋನಿಯಂನ ರೀಡ್ ಸ್ಟಾಪ್‌ಗಳಲ್ಲಿ (ಮುಂದಿರುವ ಎಳೆಯುವ ಗುಬ್ಬಿಗಳಲ್ಲಿ) ಒಂದನ್ನು ಮುಚ್ಚಲು ಕೇಳಿಕೊಳ್ಳಿ.

ಎಲ್ಲ ಸರಿಯಾದ ಮೇಲೆ ಪ್ರತಿಯೊಬ್ಬರ ಜಾಗಕ್ಕೆ, ಸ್ಟ್ಯಾಂಡಿನ ಕಾಲುಗಳಿಗೆ ಬಣ್ಣದ ಟೇಪು ಅಂಟಿಸಿ, ಅಳತೆ ಬರೆದುಕೊಳ್ಳಿ. ಮುಂದಿನ ಕಾರ್ಯಕ್ರಮಕ್ಕೆ ಇದೇ ನಕ್ಷೆ.

ಹಂತ 8: ಜನ ಬರುವ ಮೊದಲು ಕೂಗು ತೆಗೆಯಿರಿ

ತಂಡದವರು ತಮ್ಮ ಜಾಗದಲ್ಲಿ ಕೂತಿರಲಿ, ಸುಮ್ಮನೆ. ಖಾಲಿ ವೇದಿಕೆಯಲ್ಲಿ ಮಾಡಿದ ಹೊಂದಾಣಿಕೆ ಜನ ಕೂತ ಮೇಲೆ ಬದಲಾಗುತ್ತದೆ. 80ರಿಂದ 100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ. ಫೇಡರ್ ಮೆಲ್ಲಗೆ ಏರಿಸಿ. ಎಲ್ಲೋ ಒಂದು ಕಡೆ ಸಣ್ಣ "ಕುಂ..." ಎಂಬ ಎಳೆ ಶುರುವಾಗುತ್ತದೆ. ಅಲ್ಲೇ ನಿಲ್ಲಿಸಿ. ಈಕ್ವಲೈಸರ್‌ನಲ್ಲಿ ಆ ಸ್ವರದ ಪಟ್ಟಿಯನ್ನು 3ರಿಂದ 6 ಡೆಸಿಬಲ್ ಇಳಿಸಿ. ಗುಂಯ್‌ಗುಡುವ ದಪ್ಪ ದನಿಯಾದರೆ 200ರಿಂದ 500 ಹರ್ಟ್ಜ್ ನಡುವೆ ಹುಡುಕಿ. ಶಿಳ್ಳೆಯಂತಿದ್ದರೆ 2000ಕ್ಕಿಂತ ಮೇಲೆ. ಮತ್ತೆ ಏರಿಸಿ, ಮತ್ತೆ ಹುಡುಕಿ. ಮೂರು ನಾಲ್ಕು ಸಲಕ್ಕೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ಕತ್ತರಿಸಿದರೆ ಹಾಡಿನ ಜೀವವೇ ಹೋಗುತ್ತದೆ. ಕೊನೆಗೆ ಕೂಗು ಬಂದ ಜಾಗದಿಂದ 6 ಡೆಸಿಬಲ್ ಕೆಳಗೆ ಫೇಡರ್ ನಿಲ್ಲಿಸಿ, ಅಲ್ಲಿಗೊಂದು ಗುರುತು ಹಾಕಿ. ಕಾರ್ಯಕ್ರಮದಲ್ಲಿ ಯಾರೇ ಬಂದು "ಸ್ವಲ್ಪ ಜೋರು ಮಾಡಿ" ಎಂದರೂ ಆ ಗುರುತು ದಾಟಬೇಡಿ.

ಅಷ್ಟಕ್ಕೂ ದನಿ ಸಾಲದಿದ್ದರೆ ಮೊದಲು ಗಾಯಕರನ್ನು ಅರ್ಧ ಅಡಿ ಮುಂದೆ ತನ್ನಿ. 1.5 ಅಡಿಯಿಂದ 1 ಅಡಿಗೆ ಬಂದರೆ 3.5 ಡೆಸಿಬಲ್ ಸಿಗುತ್ತದೆ.

ಹಂತ 9: ಕಾರ್ಯಕ್ರಮದ ನಡುವೆ ಕೇಳಬೇಕಾದ ಲಕ್ಷಣಗಳು

ಹಾಡಿನ ಸಾಲು ಮುಗಿದ ಮೇಲೂ ಒಂದು ಸ್ವರ ಸಣ್ಣಗೆ ಬಾಲದಂತೆ ಉಳಿದರೆ ಕೂಗು ಹತ್ತಿರ ಬಂದಿದೆ ಎಂದರ್ಥ. ಕೂಡಲೇ ಒಂದೆರಡು ಡೆಸಿಬಲ್ ಇಳಿಸಿ. ಕೂಗಿದಾಗ ಯಾರೋ ಓಡಿಬಂದು ಮೈಕಿನ ಜಾಲರಿಯನ್ನು ಕೈಯಿಂದ ಮುಚ್ಚುತ್ತಾರೆ. ಮುಚ್ಚಿದರೆ ಅದರ ದಿಕ್ಕಿನ ಗುಣ ಹೋಗಿ ಕೂಗು ಇನ್ನೂ ಜೋರಾಗುತ್ತದೆ. ತಂಡದವರಿಗೆ ಮೊದಲೇ ಹೇಳಿಡಿ.

ಒಂದೇ ಸಮನೆ "ಗೂಂ" ಎಂದರೆ ಅದು ಮೈಕ್ ದೋಷ ಅಲ್ಲ, ವಿದ್ಯುತ್ತಿನ 50 ಹರ್ಟ್ಜ್ ಗುಂಗು. ಕೇಬಲ್ ಅಥವಾ ಅರ್ಥಿಂಗ್ ನೋಡಿ. ಮಿಕ್ಸರ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಪ್ಲಗ್ ಪಾಯಿಂಟ್‌ನಿಂದ ಕೊಡಿ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಯಾವತ್ತೂ ಕೀಳಬೇಡಿ. ಜೀವಕ್ಕೇ ಅಪಾಯ.

"ಚರಚರ" ಎಂಬ ಸದ್ದು ಆಗಾಗ ಬಂದರೆ ತೇವ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಂಡೆನ್ಸರ್ ಮೈಕ್‌ಗಳಿಗೆ ಇದು ಬರುತ್ತಲೇ ಇರುತ್ತದೆ. ಆ ದಿನಕ್ಕೆ ಬೇರೆ ದಾರಿ ಇಲ್ಲ, ಜೊತೆಗೊಂದು ಡೈನಮಿಕ್ ಮೈಕ್ ಇಟ್ಟುಕೊಂಡಿರಿ. ಮನೆಗೆ ಬಂದ ಮೇಲೆ ಮೈಕನ್ನು ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದೆರಡು ದಿನ ಇಟ್ಟು, ಮತ್ತೆ ಸಿಕ್ಕಿಸಿ ಕೇಳಿ. ಮಳೆಗಾಲ ಮುಗಿಯುವವರೆಗೂ ಅದರ ಜಾಗ ಆ ಡಬ್ಬಿಯೇ.